ಬುಟ್ಟಿ ಎತ್ತರದಲ್ಲಿದ್ದರೇನಂತೆ

ಮದುವೆ ಮನೆಯಲ್ಲಿ ಆರಡಿ ದಾಟಿದ ಹುಡುಗನೊಬ್ಬ ಕಣ್ಣಿಗೆ ಬಿದ್ದರೆ ಸಾಕು, ಊಟದ ಪಂಕ್ತಿಗೆ ಕಾಯುತ್ತ ಕೂತ ಹಿರಿಯರಲ್ಲಿ ಯಾರಾದರೊಬ್ಬರು ಕರೆದು ಕೇಳಿಯೇ ಕೇಳುತ್ತಾರೆ: "ಏನಪ್ಪಾ, ಬ್ಯಾಸ್ಕೆಟ್‌ಬಾಲ್ ಆಡ್ತೀಯಾ?" ಹುಡುಗ ಚೆಸ್ ಆಡುವವನಿರಬಹುದು, ವೀಣೆ ಕಲಿಯುವವನಿರಬಹುದು, ಪ್ರಶ್ನೆ ಮಾತ್ರ ಅದೇ. ಅವನ ಪಕ್ಕದಲ್ಲೇ ನಿಂತ, ಭುಜದವರೆಗೂ ಬಾರದ ಸೋದರತ್ತೆ ಮಗನನ್ನು ಯಾರಾದರೂ ಹಾಗೆ ಕೇಳಿದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಬುಟ್ಟಿ ಇರುವುದು ಹತ್ತಡಿ ಮೇಲೆ, ಅದಕ್ಕೆ ಹತ್ತಿರ ಇರುವವನೇ ಆಡಲಿ ಎಂಬ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ಏಷ್ಯಾದಲ್ಲಿ ಈ ಒಂದೇ ಲೆಕ್ಕವನ್ನು ನಂಬಿ ಎಷ್ಟು ಮಕ್ಕಳನ್ನು ಅಂಗಳದ ಅಂಚಿನಲ್ಲೇ ಕೂರಿಸಿಬಿಟ್ಟೆವು ಅಂತ ನೆನೆದರೆ ನನಗೆ ಸಂಕಟವಾಗುತ್ತದೆ.

ಮಾತು ಇಲ್ಲಿಗೆ ಬಂದದ್ದು ಯೂಕಿ ಕವಾಮುರಾನಿಂದ. ಜಪಾನಿನವನು, ಹುಟ್ಟಿದ್ದು 2001ರಲ್ಲಿ, ಎತ್ತರ ಐದಡಿ ಎಂಟಂಗುಲ. ನಮ್ಮ ಸಿಟಿ ಬಸ್ಸಿನಲ್ಲಿ ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. 2023ರ ಆಗಸ್ಟ್ 27ರಂದು ಓಕಿನಾವಾದಲ್ಲಿ ವಿಶ್ವಕಪ್ ಪಂದ್ಯ, ಎದುರಿಗೆ ಫಿನ್ಲೆಂಡ್. ಆ ತಂಡದಲ್ಲಿ ಲೌರಿ ಮಾರ್ಕನೆನ್, ಏಳಡಿಯ ಆಳು, ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎ ಆಟಗಾರ. ಮೂರು ಕ್ವಾರ್ಟರ್ ಮುಗಿದಾಗ ಫಿನ್ಲೆಂಡ್ 73, ಜಪಾನ್ 63. ಅಷ್ಟು ಹೊತ್ತಿಗೆ ಎಷ್ಟೋ ಜನ ಟಿವಿ ಆರಿಸಿ ಎದ್ದಿರಬೇಕು. 2019ರ ವಿಶ್ವಕಪ್‌ನಲ್ಲಿ ಆಡಿದ ಐದೂ ಪಂದ್ಯ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೂರಕ್ಕೆ ಮೂರೂ ಸೋತ ತಂಡ ಜಪಾನಿನದು. ಎದ್ದುಹೋದವರಿಗೆ ತಪ್ಪಿದ್ದು ಅದ್ಭುತವಾದ ಹತ್ತು ನಿಮಿಷ. ಕೊನೆಯ ಕ್ವಾರ್ಟರ್ ಒಂದರಲ್ಲೇ ಜಪಾನ್ 35, ಫಿನ್ಲೆಂಡ್ 15. ಕವಾಮುರಾ ಸಂತೆಯ ನೂಕುನುಗ್ಗಲಿನಲ್ಲಿ ದೊಡ್ಡವರ ಕಂಕುಳ ಕೆಳಗೆ ನುಸುಳಿಹೋಗುವ ಪೋರನ ಹಾಗೆ ನುಗ್ಗಿದ. ಒಮ್ಮೆಯಂತೂ ಆ ಮಾರ್ಕನೆನ್‌ನೇ ಮುಂದೆ ನಿಂತಿದ್ದಾಗ ಹೆಜ್ಜೆ ಹಿಂದಕ್ಕಿಟ್ಟು ಅವನ ತಲೆಯ ಮೇಲಿಂದಲೇ ಚೆಂಡು ಹಾರಿಸಿ ಮೂರು ಅಂಕ ಕಿತ್ತ. ಪಂದ್ಯ 98-88. ವಿಶ್ವಕಪ್‌ನಲ್ಲಿ ಜಪಾನ್ ಒಂದು ಯೂರೋಪಿನ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಆಮೇಲೆ ವೆನೆಜುವೆಲಾ, ಕೇಪ್ ವರ್ಡೆ ತಂಡಗಳನ್ನೂ ಮಣಿಸಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಟಿಕೆಟ್ ಪಡೆದರು. ಆತಿಥೇಯ ದೇಶ ಎಂಬ ಮರ್ಯಾದೆಯ ಮೇಲಲ್ಲದೆ, ಆಡಿ ಗೆದ್ದು ಒಲಿಂಪಿಕ್ಸ್‌ಗೆ ಹೋಗುವುದು ಅವರಿಗೆ 1976ರ ಮಾಂಟ್ರಿಯಲ್ ನಂತರ ಇದೇ.

ಜಪಾನಿಗೂ ಬ್ಯಾಸ್ಕೆಟ್‌ಬಾಲ್‌ಗೂ ನಂಟು ಹೊಸದು ಅಂತ ತಿಳಿಯಬೇಡಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಹೊಡೆದು ಮೊಟ್ಟಮೊದಲ ಆಟ ಆಡಿಸಿದರಲ್ಲ, ಕಡೆಗೆ ಒಂಬತ್ತು ಜನ, ಒಟ್ಟು ಹದಿನೆಂಟು? ಆ ಹದಿನೆಂಟು ವಿದ್ಯಾರ್ಥಿಗಳಲ್ಲಿ ಇಶಿಕಾವಾ ಎಂಬ ಜಪಾನಿ ತರುಣನೂ ಇದ್ದ. ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರಿಗೆ ಒಳಗೊಂದು ಆಟ ಬೇಕು ಅಂತ ಹುಟ್ಟಿದ್ದು ಇದು. ಅವತ್ತಿನ ಸ್ಕೋರು ಎಷ್ಟು ಗೊತ್ತೇ? 1-0. ಪಂದ್ಯವಿಡೀ ಒಂದೇ ಒಂದು ಚೆಂಡು ಬುಟ್ಟಿಗೆ ಬಿತ್ತು. ಈಗಿನ ನೂರರ ಲೆಕ್ಕದ ಪಂದ್ಯಗಳನ್ನು ಕಂಡರೆ ಆ ಮೇಷ್ಟ್ರು ಏನೆನ್ನುತ್ತಿದ್ದರೋ.

ಏಷ್ಯಾದಲ್ಲಿ ಈ ಆಟದ ಹುಚ್ಚು ಎಲ್ಲಕ್ಕಿಂತ ಹೆಚ್ಚು ಇರುವುದು ಜಪಾನಿನಲ್ಲಲ್ಲ, ಫಿಲಿಪೀನ್ಸ್‌ನಲ್ಲಿ. ಅಮೆರಿಕನ್ನರು ಆಳುತ್ತಿದ್ದ ಕಾಲದಲ್ಲಿ ಶಾಲೆಗಳ ಮೂಲಕ ಹೋದ ಆಟ, ಇವತ್ತು ಓಣಿ ಓಣಿಯಲ್ಲಿದೆ. ತೆಂಗಿನ ಮರಕ್ಕೆ ಹಲಗೆ ಹೊಡೆದು, ಅದಕ್ಕೊಂದು ಕಬ್ಬಿಣದ ಬಳೆ ಸಿಕ್ಕಿಸಿ, ಹವಾಯಿ ಚಪ್ಪಲಿಯಲ್ಲೇ ಆಡುವ ಹುಡುಗರ ದೇಶ ಅದು. ನಮ್ಮಲ್ಲಿ ಎಲ್ಲೆಲ್ಲೂ ಕ್ರಿಕೆಟ್, ಅವರಲ್ಲಿ ಎಲ್ಲೆಲ್ಲೂ ಇದು. 1954ರಲ್ಲಿ ರಿಯೊದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾರ್ಲೋಸ್ ಲೋಯ್ಸಾಗಾ ಇದ್ದ ಅವರ ತಂಡ ಕಂಚು ಗೆದ್ದಿತು. ಏಷ್ಯಾದ ಯಾವ ಪುರುಷರ ತಂಡವೂ ಇಲ್ಲಿಯವರೆಗೆ ಅದನ್ನು ಮೀರಿಲ್ಲ. 2023ರ ವಿಶ್ವಕಪ್‌ನ ಮೊದಲ ದಿನ ಫಿಲಿಪೀನ್ ಅರೆನಾಗೆ 38,115 ಜನ ಬಂದು ಕೂತರು, ವಿಶ್ವಕಪ್ ಇತಿಹಾಸದಲ್ಲೇ ದಾಖಲೆ. ಆದರೂ ಆ ತಂಡ ಅವತ್ತು ಸೋತಿತು, ಆಮೇಲಿನ ಮೂರೂ ಸೋತಿತು, ಕೊನೆಗೆ ಚೀನಾದ ಮೇಲೆ 96-75ರಲ್ಲಿ ಗೆದ್ದಾಗ ಮನಿಲಾದವರಿಗೆ ಉಸಿರು ಬಂತು. ಸುಮಾರು ಒಂದು ತಿಂಗಳಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 1962ರ ನಂತರದ ಮೊದಲ ಚಿನ್ನವೂ ಬಂತು ಅನ್ನಿ. ನನಗೆ ಆ ಜನರ ಮೇಲೆ ತುಂಬ ಪ್ರೀತಿ. ಆದರೆ ಪ್ರೀತಿಯ ಬಲ ಒಂದರಿಂದಲೇ ತಂಡ ಮೇಲೇಳುವುದಾದರೆ ಜಗತ್ತಿನ ಕಪ್ಪೆಲ್ಲ ಮನಿಲಾದಲ್ಲೇ ಇರಬೇಕಿತ್ತು.

ಹಾಗಾದರೆ ಜಪಾನ್ ಏನು ಮಾಡಿತು? ಮೊದಲು ಒಂದು ಅವಮಾನ ಅನುಭವಿಸಿತು. ಅಲ್ಲಿ ಎರಡು ಲೀಗುಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡು ನಡೆಯುತ್ತಿದ್ದವು. ಒಂದಾಗಿ ಎಂದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಹೇಳಿ ಹೇಳಿ ಸಾಕಾಗಿ, 2014ರ ನವೆಂಬರ್‌ನಲ್ಲಿ ಇಡೀ ದೇಶವನ್ನೇ ಅಮಾನತು ಮಾಡಿತು. ಸರಿಪಡಿಸಲು ಬಂದವರು ಬ್ಯಾಸ್ಕೆಟ್‌ಬಾಲ್‌ನವರಲ್ಲ, ಫುಟ್‌ಬಾಲ್‌ನ ಜೆ-ಲೀಗ್ ಕಟ್ಟಿದ ಸಬುರೊ ಕವಾಬುಚಿ. ಮನೆಯವರ ಜಗಳ ಬಿಡಿಸಲು ಪಕ್ಕದ ಮನೆಯ ಯಜಮಾನರೇ ಬರಬೇಕಾಯಿತು. 2015ರಲ್ಲಿ ಅಮಾನತು ತೆರವಾಯಿತು, 2016ರ ಸೆಪ್ಟೆಂಬರ್‌ನಲ್ಲಿ ಬಿ-ಲೀಗ್ ಶುರುವಾಯಿತು. ಮೊದಲ ಪಂದ್ಯಕ್ಕೆ ನೆಲವನ್ನೇ ಎಲ್‌ಇಡಿ ಪರದೆಯಾಗಿಸಿ, ಆಟಗಾರರ ಕಾಲ ಕೆಳಗೆ ಚಿತ್ರ ಓಡಿಸಿದರು. ನೋಡುವವರಿಗೆ ಅದು ಹಬ್ಬ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ದೊಡ್ಡ ಕ್ಲಬ್ಬುಗಳೆಲ್ಲ ಹದಿನೈದರೊಳಗಿನ ಮಕ್ಕಳ ತಂಡವನ್ನೂ ಸಾಕಬೇಕೆಂದು ಆಮೇಲೆ ಬಂದ ಷರತ್ತು.

ಮಕ್ಕಳ ವಿಷಯಕ್ಕೆ ಬಂದೆವಲ್ಲ, ಇಲ್ಲಿ ಸ್ವಲ್ಪ ಕಾಲು ಚಾಚಿ ಕೂರೋಣ. ಈ ಹರಟೆಯ ತಿರುಳು ಇಲ್ಲೇ ಇದೆ.

ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಆಡುವುದು ಮಿನಿ ಬ್ಯಾಸ್ಕೆಟ್‌ಬಾಲ್. ಚೆಂಡು ಚಿಕ್ಕದು, ರಿಂಗು 305 ಸೆಂಟಿಮೀಟರ್ ಬದಲು 260ಕ್ಕೆ ಇಳಿದಿರುತ್ತದೆ. ಹತ್ತು ವರ್ಷದ ಮಗುವಿಗೆ ದೊಡ್ಡವರ ರಿಂಗು ಕೊಟ್ಟರೆ ಏನಾಗುತ್ತದೆ? ಸೊಂಟದಿಂದ ಚೆಂಡು ಎತ್ತಿ ಮೇಲಕ್ಕೆ ಎಸೆಯುತ್ತದೆ, ಆ ಅಭ್ಯಾಸ ಕೈಗೆ ಕೂತರೆ ಬಿಡಿಸಲು ವರ್ಷಗಳು ಬೇಕು. ರಿಂಗು ಇಳಿಸಿದರೆ ಮಣಿಕಟ್ಟು ಸರಿಯಾಗಿ ತಿರುಗುತ್ತದೆ. ಅದಿರಲಿ, ನನ್ನ ಮನಸ್ಸು ಗೆದ್ದದ್ದು ಇನ್ನೊಂದು ನಿಯಮ. ಮೊದಲ ಮೂರು ಕ್ವಾರ್ಟರ್‌ಗಳೊಳಗೆ ಒಂದು ತಂಡದಿಂದ ಕನಿಷ್ಠ ಹತ್ತು ಮಕ್ಕಳು ಅಂಗಳಕ್ಕೆ ಇಳಿಯಲೇಬೇಕು. ಚೆನ್ನಾಗಿ ಆಡುವ ಮಗುವಾದರೂ ಆ ಮೂರರಲ್ಲಿ ಒಂದು ಹೊತ್ತು ಬೆಂಚಿಗೆ ಬರಲೇಬೇಕು. ಯೋಚನೆ ಮಾಡಿ, ಇದರ ಅರ್ಥ ಏನು? ಪಂದ್ಯ ಗೆಲ್ಲಬೇಕಾದರೆ ಕೋಚ್ ಆದವನು ಒಂಬತ್ತನೆಯ ಮಗುವಿಗೂ ಡ್ರಿಬಲ್ ಕಲಿಸಿರಬೇಕು, ಹತ್ತನೆಯದಕ್ಕೂ ಪಾಸ್ ಹಿಡಿಯಲು ಬರಬೇಕು. ಹನ್ನೊಂದನೆಯ ವಯಸ್ಸಿಗೇ ಉದ್ದ ಬೆಳೆದ ಒಬ್ಬನನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ ಕಪ್ಪು ಎತ್ತುವ ದಾರಿಯನ್ನು ನಿಯಮವೇ ಮುಚ್ಚಿಬಿಟ್ಟಿದೆ.

ಇನ್ನೂ ಒಂದಿದೆ. ಹದಿನೈದರೊಳಗಿನ ಮಕ್ಕಳಿಗೆ ಅಲ್ಲಿ ಜಾಗ ಕಾಯುವ ಝೋನ್ ಡಿಫೆನ್ಸ್ ನಿಷಿದ್ಧ, ಆಳಿಗೊಬ್ಬ ಎದುರಾಳಿಯನ್ನು ಕಾಯುವ ಮ್ಯಾನ್ ಟು ಮ್ಯಾನ್ ಮಾತ್ರ. ಆಟ ಬಲ್ಲವರಿಗೆ ಇದರ ಗುಟ್ಟು ತಟ್ಟನೆ ಹೊಳೆಯುತ್ತದೆ. ಮಕ್ಕಳಿಗೆ ದೂರದಿಂದ ಬುಟ್ಟಿಗೆ ಹಾಕಲು ಕೈಯಲ್ಲಿ ಬಲವಿರುವುದಿಲ್ಲ. ಐವರೂ ಬುಟ್ಟಿಯ ಸುತ್ತ ಕೈಯೆತ್ತಿ ನಿಂತರೆ ಎದುರಾಳಿಗೆ ದಾರಿಯೇ ಇಲ್ಲ. ಗೆಲುವು ಸುಲಭ, ಕಲಿಕೆ ಸೊನ್ನೆ. ಅದಕ್ಕೇ ಅಂಗಳದ ಪಕ್ಕ ಒಬ್ಬರು ಬಾವುಟ ಹಿಡಿದು ಕೂತಿರುತ್ತಾರೆ. ತಂಡ ಮೆಲ್ಲನೆ ಝೋನ್‌ಗೆ ಜಾರಿದರೆ ಹಳದಿ ಬಾವುಟ, ತಿದ್ದಿಕೊಳ್ಳದಿದ್ದರೆ ಕೆಂಪು. ಮಕ್ಕಳ ಆಟಕ್ಕೆ ಇಷ್ಟೊಂದು ಕಾವಲು ಬೇಕೇ ಎಂದು ಯಾರಾದರೂ ಕೇಳಿದರೆ, ಬೇಕು ಎಂದೇ ನನ್ನ ಉತ್ತರ. ದೊಡ್ಡವರ ಗೆಲ್ಲುವ ಆತುರದಿಂದ ಮಕ್ಕಳನ್ನು ಕಾಯಲು ಕೂತವರು ಅವರು.

ಈ ಕಲಿಕೆಗೆ ದೊಡ್ಡವರ ಅಂಗಳದಲ್ಲಿ ಎಷ್ಟು ಬೆಲೆ ಇದೆ ಎಂದು ತೋರಿಸಿದವರು ಹೆಣ್ಣುಮಕ್ಕಳು. ಟಾಮ್ ಹೋವಾಸ್ ಎಂಬ ಅಮೆರಿಕದ ಕೋಚ್ 2017ರಲ್ಲಿ ಜಪಾನಿನ ಮಹಿಳಾ ತಂಡ ವಹಿಸಿಕೊಂಡಾಗಲೇ, ಟೋಕಿಯೊ ಫೈನಲ್‌ನಲ್ಲಿ ಅಮೆರಿಕವನ್ನು ಸೋಲಿಸುವುದು ನಮ್ಮ ಗುರಿ ಎಂದಿದ್ದರು. ಅವರು ಆಟಗಾರರಾಗಿಯೇ ಜಪಾನಿನಲ್ಲಿ ಬದುಕಿದವರು, ಟೈಮ್‌ಔಟ್‌ನಲ್ಲಿ ಗದರುತ್ತಿದ್ದದ್ದೂ ಜಪಾನಿ ಭಾಷೆಯಲ್ಲೇ. ಒಲಿಂಪಿಕ್ಸ್ ಹತ್ತಿರ ಬಂದಾಗ 193 ಸೆಂಟಿಮೀಟರ್ ಎತ್ತರದ ರಾಮು ತೊಕಾಶಿಕಿ ಗಾಯದಿಂದ ಹೊರಗುಳಿದಳು. ಇದ್ದ ಒಬ್ಬ ಎತ್ತರದವಳೂ ಇಲ್ಲ! ಉಳಿದವರು ಓಡಿದರು, ಓಡಿ ಮೂರು ಅಂಕದ ಗೆರೆಯ ಹೊರಗಿನಿಂದ ಎಸೆದರು. ಬೆಲ್ಜಿಯಂ ವಿರುದ್ಧದ ಕ್ವಾರ್ಟರ್ ಫೈನಲ್ ಕೊನೆಯ ಸೆಕೆಂಡುಗಳಲ್ಲಿ ಸಾಕಿ ಹಯಾಶಿ ಎಸೆದ ಚೆಂಡು ಒಳಗೆ ಬಿದ್ದು 86-85. ಸೆಮಿಫೈನಲ್‌ನಲ್ಲಿ ರುಯಿ ಮಚಿದಾ, ಐದಡಿ ನಾಲ್ಕಂಗುಲದ ಹುಡುಗಿ, ಫ್ರಾನ್ಸಿನವರ ನಡುವೆ 18 ಅಸಿಸ್ಟ್ ಕೊಟ್ಟು ಒಲಿಂಪಿಕ್ ದಾಖಲೆ ಬರೆದಳು. ಫೈನಲ್‌ನಲ್ಲಿ ಅಮೆರಿಕದ ಎದುರು 75-90, ಕೊರಳಿಗೆ ಬೆಳ್ಳಿ. ಅದೇ ಹೋವಾಸ್ ಆಮೇಲೆ ಪುರುಷರ ತಂಡಕ್ಕೆ ಬಂದರು; ಓಕಿನಾವಾದ ಕಥೆ ಹುಟ್ಟಿದ್ದು ಹಾಗೆ.

ನಿಮಗೊಂದು ಸಂಗತಿ ನೆನಪಿದೆಯೋ ಇಲ್ಲವೋ, ಈ ಹೆಣ್ಣುಮಕ್ಕಳು ನಮ್ಮೂರಿಗೆ ಬಂದಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದದ್ದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ಫೈನಲ್‌ನಲ್ಲಿ ಎತ್ತರದ ಚೀನಾವನ್ನು ಜಪಾನ್ 71-68ರಲ್ಲಿ ಸೋಲಿಸಿ ಸತತ ನಾಲ್ಕನೆಯ ಸಲ ಕಪ್ ಎತ್ತಿತು. ಕಸ್ತೂರ್ಬಾ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದ ಎಷ್ಟು ಜನಕ್ಕೆ ಪಕ್ಕದಲ್ಲೇ ಇಂಥ ಆಟ ನಡೆಯುತ್ತಿದೆ ಎಂದು ಗೊತ್ತಿತ್ತು? ಅದೇ ಅಂಗಳದಲ್ಲಿ 2017ರಲ್ಲಿ ನಮ್ಮ ಮಹಿಳಾ ತಂಡ ಏಷ್ಯಾ ಕಪ್‌ನ ಡಿವಿಷನ್ ಬಿ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿ ಮೇಲಿನ ದರ್ಜೆಗೆ ಏರಿತ್ತು. ಏರಿದ ಮೇಲೆ 2019ರಲ್ಲಿ ಒಂದೂ ಗೆಲುವು ದಕ್ಕಲಿಲ್ಲ. ನಮ್ಮ ಹುಡುಗರೂ 2014ರಲ್ಲಿ ವುಹಾನ್‌ನಲ್ಲಿ ಚೀನಾವನ್ನು 65-58ರಲ್ಲಿ ಸೋಲಿಸಿದ್ದುಂಟು, ಚೀನಾದ ನೆಲದಲ್ಲೇ! ಹೀಗೆ ಆಗೊಮ್ಮೆ ಈಗೊಮ್ಮೆ ಮಿಂಚಿ ಮರೆಯಾಗುವುದನ್ನು ನೋಡುವುದಕ್ಕೆ ನನಗೆ ಬೇಸರ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ 52ನೆಯವನಾಗಿ ಆಯ್ಕೆಯಾದಾಗ ನಾವೆಲ್ಲ ಕುಣಿದೆವು, ಕುಣಿಯಬೇಕಾದದ್ದೇ. ಲೂಧಿಯಾನ ಅಕಾಡೆಮಿಯ ಸುಬ್ರಮಣಿಯನ್ ಅವರಂಥ ಕೋಚ್ ಕೈಗೆ ಸಿಕ್ಕ ಏಳಡಿ ದಾಟಿದ ಹುಡುಗ ಅವನು. ಅವನಾದ ಮೇಲೆ ನಾವೆಲ್ಲ ಮತ್ತೊಬ್ಬ ಏಳಡಿಯವನನ್ನು ಹುಡುಕಲು ಹೊರಟೆವು. ಐದೂವರೆ ಅಡಿಯ ಗಾರ್ಡ್‌ಗಳನ್ನು ನೂರಾರು ಸಂಖ್ಯೆಯಲ್ಲಿ ಬೆಳೆಸುವ ಮಾತು ಅಷ್ಟು ಜೋರಾಗಿ ಕೇಳಲಿಲ್ಲ.

ನಮ್ಮ ಶಾಲೆಗಳ ಅಂಗಳ ನೆನೆಸಿಕೊಳ್ಳಿ. ಕಬಡ್ಡಿ, ಖೋಖೋ ಗೆರೆ ಎಲ್ಲ ಕಡೆ ಇರುತ್ತದೆ, ವಾಲಿಬಾಲ್ ಕಂಬವೂ ಇರುತ್ತದೆ. ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಇರುವುದು ಕೆಲವೇ ಕಡೆ. ಇದ್ದಲ್ಲೂ ಬಲೆ ಹರಿದ ರಿಂಗು, ಗಾಳಿ ಕಡಿಮೆಯಾದ ಒಂದೇ ಚೆಂಡು, ನಲವತ್ತು ಮಕ್ಕಳು. ಪಿ.ಟಿ. ಮೇಷ್ಟ್ರು ಉದ್ದವಿದ್ದ ಹತ್ತು ಮಂದಿಯನ್ನು ಆರಿಸಿ ಆಡಿಸುತ್ತಾರೆ. ಉಳಿದವರು ಬೇವಿನ ಮರದ ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾರೆ. ಮೇಷ್ಟ್ರನ್ನು ದೂರುವುದಿಲ್ಲ, ಒಂದು ಚೆಂಡಿನಲ್ಲಿ ಅವರಾದರೂ ಏನು ಮಾಡಿಯಾರು? ಆದರೆ ಹತ್ತು ಚೆಂಡು, ಇಳಿಸಬಹುದಾದ ಎರಡು ರಿಂಗು ಕೊಟ್ಟರೆ ಆ ಮರದ ಕೆಳಗಿನಿಂದ ಯಾರು ಎದ್ದು ಬರುತ್ತಾರೋ ನೋಡುವ ಆಸೆ ನನಗೆ.

ಪ್ಯಾರಿಸ್ಸಿನ ಮಾತು ಬಾಕಿ ಉಳಿಯಿತು. 2024ರ ಜುಲೈ 30, ಪಂದ್ಯ ನಡೆದದ್ದು ಲೀಲ್ ನಗರದಲ್ಲಿ, ಎದುರಿಗೆ ಆತಿಥೇಯ ಫ್ರಾನ್ಸ್, ಅವರಲ್ಲಿ ಏಳಡಿ ನಾಲ್ಕಂಗುಲದ ವೆಂಬನ್ಯಾಮಾ. ಜಪಾನಿನ ದೊಡ್ಡ ಆಟಗಾರ ರುಯಿ ಹಚಿಮುರಾ ಫೌಲುಗಳಿಂದಾಗಿ ಹೊರಗೆ ಹೋಗಿದ್ದ. ಆದರೂ ಕೆಲವೇ ಸೆಕೆಂಡು ಉಳಿದಿದ್ದಾಗ ಜಪಾನ್ 84, ಫ್ರಾನ್ಸ್ 80! ಆಗ ಮ್ಯಾಥ್ಯೂ ಸ್ಟ್ರಾಜೆಲ್ ಮೂರು ಅಂಕದ ಚೆಂಡು ಎಸೆದ, ತಡೆಯಲು ಹಾರಿದವನು ಕವಾಮುರಾ. ಚೆಂಡು ಒಳಗೆ ಬಿತ್ತು, ಸೀಟಿಯೂ ಊದಿತು. ಫೌಲ್! ಫ್ರೀ ಥ್ರೋ ಸೇರಿ ನಾಲ್ಕು ಅಂಕ, 84-84, ಹೆಚ್ಚುವರಿ ಅವಧಿಯಲ್ಲಿ ಫ್ರಾನ್ಸ್ 94-90. ಕವಾಮುರಾನ ಲೆಕ್ಕದಲ್ಲಿ 29 ಅಂಕ. ಅದೇ ವರ್ಷ ಮೆಂಫಿಸ್ ತಂಡ ಅವನನ್ನು ಎನ್‌ಬಿಎಗೆ ಕರೆಸಿಕೊಂಡಿತು.

ಆ ಫೌಲ್ ನಿಜಕ್ಕೂ ಫೌಲೇ? ಆಟ ನೋಡುವವರು ಇಬ್ಬರು ಸೇರಿದಲ್ಲಿ ಈಗಲೂ ಈ ವಾದ ಎದ್ದೇಳುತ್ತದೆ. ನನ್ನನ್ನು ಕೇಳಿದರೆ ಅಲ್ಲವೇ ಅಲ್ಲ, ಹುಡುಗನ ಕೈ ಸ್ಟ್ರಾಜೆಲ್‌ನ ಮೈಗೆ ತಾಗಿದ್ದು ನನಗಂತೂ ಕಾಣಲಿಲ್ಲ. ನಿಮಗೆ ಬೇರೆ ಅಭಿಪ್ರಾಯವಿದ್ದರೆ ಬನ್ನಿ, ವಿಡಿಯೊ ಇದೆ, ನಿಧಾನಕ್ಕೆ ಓಡಿಸಿ ಇನ್ನೊಮ್ಮೆ ನೋಡೋಣ.