ಬಂಗಾರದ ಮನುಷ್ಯನೂ ನಮ್ಮ ಮನೆಯ ಮೂವತ್ತೈದು ಕುದುರೆಗಳೂ

ಸಿನಿಮಾ ಪತ್ರಿಕೆಯಲ್ಲಿ ಟ್ರ್ಯಾಕ್ಟರಿನ ಪುರಾಣ ಯಾಕಪ್ಪಾ ಎಂದು ಹುಬ್ಬೇರಿಸಬೇಡಿ, ಮಿತ್ರರೇ! ನನ್ನ ಪಾಲಿಗೆ ಎರಡೂ ಒಂದೇ ಟಿಕೆಟ್ಟಿನಲ್ಲಿ ಬಂದವು.

1972ರಲ್ಲಿ ‘ಬಂಗಾರದ ಮನುಷ್ಯ’ ತೆರೆಗೆ ಬಂದಾಗ ನಾನು ಹುಬ್ಬಳ್ಳಿಯಲ್ಲಿ ಪಿ.ಯು.ಸಿ. ಓದುತ್ತಿದ್ದೆ. ಓದುತ್ತಿದ್ದೆ ಅನ್ನೋದು ಮನೆಯವರ ನಂಬಿಕೆ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ಅಣ್ಣಾವ್ರ ರಾಜೀವ... ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರವದು. ಅದನ್ನು ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದರು ಅಂತ ಈಗಲೂ ಹೇಳುತ್ತಾರಲ್ಲ, ಅಂಥವರಲ್ಲಿ ನಾನೊಬ್ಬ. ನಾಲ್ಕು ವರ್ಷ ತಡವಾಗಿ, ಡಿಗ್ರಿ ಎರಡು ಸಲ ಕೈಕೊಟ್ಟ ಮೇಲೆ ಮರಳಿದೆ ಅನ್ನೋದು ಬೇರೆ ಮಾತು!

ನಮ್ಮದು ನವಲಗುಂದ ತಾಲೂಕಿನ ಎರೆ ಹೊಲ. 44 ಎಕರೆ, ಒಂದೇ ತಟ್ಟು. ಕಾಲುವೆ ನೀರು ನಮ್ಮ ಹೊಲದವರೆಗೆ ಬರಲಿಲ್ಲ. ಬರದೇ ಇದ್ದುದರಿಂದಲೇ ಹೊಲ ಉಳಿಯಿತು ಅನ್ನಬೇಕು. 1974ರ ಭೂಸುಧಾರಣೆಯಲ್ಲಿ ಬರೀ ಮಳೆ ನಂಬಿದ ಹೊಲಕ್ಕೆ 54 ಎಕರೆಯವರೆಗೆ ಮಿತಿ ಇತ್ತು. ಹತ್ತಿ, ಜೋಳ, ಕಡಲೆ, ಕುಸುಬಿ. ಮೂರು ಜೋಡಿ ಎತ್ತು, ಮೂವರು ಆಳುಗಳು. ಎರೆ ಮಣ್ಣಿನ ಗುಣ ಕಂಡವರಿಗೇ ಗೊತ್ತು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಂಡು ವಾಪಸ್ ಕೊಡುವುದಿಲ್ಲ. ಇವೆರಡರ ನಡುವೆ ಬಿತ್ತಿಗೆಯ ಹದ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಮೂರು ಜೋಡಿ ಎತ್ತು 44 ಎಕರೆಯನ್ನು ಮುಟ್ಟಿ ಮುಗಿಸುವುದರೊಳಗೆ ಅರ್ಧ ಹೊಲ ಒಣಗಿರುತ್ತಿತ್ತು.

ಸರಿ, ಟ್ರ್ಯಾಕ್ಟರು ಬೇಕು ಅಂದೆ. ಯಾವ ಟ್ರ್ಯಾಕ್ಟರು? ನನ್ನ ಕಣ್ಣು ನೀಲಿ ಬಣ್ಣದ ಫೋರ್ಡ್ 3600ರ ಮೇಲೆ. ಐವತ್ತರ ಹತ್ತಿರ ಅಶ್ವಶಕ್ತಿ! ಊರ ಅಗಸಿಯೊಳಗಿಂದ ಅದು ಗುಡುಗುತ್ತಾ ಬರುವುದು, ಸ್ಟೀರಿಂಗಿನ ಹಿಂದೆ ನಾನು, ಕೊರಳಿಗೆ ಕರವಸ್ತ್ರ, ಹಿಂದಿನಿಂದ ಮ್ಯೂಸಿಕ್ಕು... ಅಣ್ಣಾವ್ರು ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ಹಾಡಿಯೇ ಟಾಕೀಸು ನಡುಗಿಸಿದ್ದರು ಅನ್ನೋದು ಆಗ ತಲೆಗೆ ಹೊಳೆಯಲಿಲ್ಲ.

ಅಪ್ಪ ಬೈಯಲಿಲ್ಲ. ಒಲೆಯಿಂದ ಇದ್ದಲಿ ತಂದು ಪಡಸಾಲೆಯ ಗೋಡೆ ಮೇಲೆ ಲೆಕ್ಕ ಬರೆದ. ರಂಟಿ ಹೊಡೆಯುವುದಕ್ಕೆ 80 ತಾಸು. ಹರಗುವುದಕ್ಕೆ 90. ಬಿತ್ತಿಗೆಗೆ 40. ಹೇರು, ರಾಶಿ ಎಲ್ಲಾ ಸೇರಿ 60. ಕೂಡಿಸಿದರೆ 270 ತಾಸು.

“ವರ್ಷದಾಗ ಒಂದು ತಿಂಗಳದ ಕೆಲಸ ಆತು. ಉಳದ ಹನ್ನೊಂದು ತಿಂಗಳು ಏನ್ ಮಾಡತೈತೋ ತಮ್ಮಾ ನಿನ್ನ ಗಾಡಿ? ಎತ್ತಿನಂಗ ಸಗಣಿನೂ ಹಾಕೂದಿಲ್ಲ!”

ನಾನು ಉತ್ತರ ಕೊಡಲಿಲ್ಲ. ಕೊಡಲು ಇರಲಿಲ್ಲ. ಟ್ರ್ಯಾಕ್ಟರು ವರ್ಷಕ್ಕೆ ಸಾವಿರ ತಾಸು ದುಡಿದರೆ ಖರ್ಚು ಗಿಟ್ಟುತ್ತದೆ ಅಂತ ಕೃಷಿ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅದನ್ನು ನಾನು ಓದಿದ್ದು ಬಹಳ ತಡವಾಗಿ. ಅಪ್ಪ ಇದ್ದಲಿಯಲ್ಲೇ ಅಲ್ಲಿಗೆ ಮುಟ್ಟಿದ್ದ. ನಮ್ಮ ಹೊಲದಲ್ಲಿ 270 ಹೋದರೆ ಬಾಕಿ 730 ತಾಸು ಪರರ ಹೊಲದಲ್ಲಿ ಬಾಡಿಗೆಗೆ, ಇಲ್ಲವೇ ಟ್ರೇಲರ್ ಕಟ್ಟಿಕೊಂಡು ಗದಗ, ಅಣ್ಣಿಗೇರಿಯ ಪ್ಯಾಟಿಗೆ ಹತ್ತಿ ಹೇರಲು ಹೋಗಬೇಕು. ಅಂದ ಮೇಲೆ ಗಾಡಿ ಆರಿಸುವುದು ನಮ್ಮ 44 ಎಕರೆ ನೋಡಿ ಅಷ್ಟೇ ಅಲ್ಲ. ಊರಿನ ನಾಲ್ಕೆಕರೆ, ಐದೆಕರೆಯವರ ತುಂಡು ಹೊಲ ನೋಡಿ, ರಸ್ತೆ ನೋಡಿ. 25 ಅಶ್ವಶಕ್ತಿಯದು ಬೇಸಿಗೆಯ ಎರೆಯಲ್ಲಿ ರಂಟಿ ಎಳೆಯಲು ಏದುಸಿರು ಬಿಡುತ್ತದೆ. ಐವತ್ತರದು ತುಂಡು ಹೊಲದಲ್ಲಿ ತಿರುಗುವುದೇ ಕಷ್ಟ, ಹಗುರ ಕೆಲಸಕ್ಕೂ ಡೀಸೆಲ್ಲು ಹೆಚ್ಚು.

ಅಷ್ಟರಲ್ಲಿ 1980 ಬಂತು. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಸಾಲದ ಕಾಗದಕ್ಕೆ ಸಹಿ ಹಾಕುವ ಕಾಲ ಇದಲ್ಲ ಅಂದ ಅಪ್ಪ. ಮಾತು ಅಲ್ಲಿಗೆ ನಿಂತಿತು. ನಾನು ಒಂದು ವರ್ಷ ಮುಖ ಊದಿಸಿಕೊಂಡು ತಿರುಗಿದೆ.

ಮುಂದಿನದನ್ನು ಬರೆಯುವುದು ಕಷ್ಟ. 1981ರ ಹಿಂಗಾರಿ. ಪಕ್ಕದೂರಿನಲ್ಲಿ ನನ್ನ ವಾರಿಗೆಯ ಗೆಳೆಯನೊಬ್ಬನಿದ್ದ. ಹುಬ್ಬಳ್ಳಿಯಲ್ಲಿ ಒಂದೇ ಕೋಣೆಯಲ್ಲಿದ್ದು, ಒಂದೇ ಸಾಲಿನಲ್ಲಿ ಕೂತು ನೂರು ಸಿನಿಮಾ ನೋಡಿದವರು ನಾವು. ಅವರ ಮನೆಗೆ ನನಗಿಂತ ಮೊದಲೇ ದೊಡ್ಡ ಗಾಡಿ ಬಂದಿತ್ತು. ಹೊಟ್ಟೆಕಿಚ್ಚಿನಿಂದ ಎರಡು ತಿಂಗಳು ಅವನ ಜೊತೆ ಮಾತಾಡಿರಲಿಲ್ಲ ನಾನು. ರಾತ್ರಿ ಮಳೆಯಾಗಿತ್ತು. ಹೊಲದಂಚಿನಲ್ಲಿ ಹಿಂದಿನ ಗಾಲಿಗಳು ಅಚ್ಚಿನವರೆಗೆ ಹೂತವು. ಗಾಲಿಗೆ ಅಡ್ಡಲಾಗಿ ಒಂದು ಮರದ ತುಂಡನ್ನು ಸರಪಳಿಯಿಂದ ಬಿಗಿದು ಗೇರು ಹಾಕಿ ರೇಸು ಕೊಟ್ಟ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಹಿಂದಿನ ಗಾಲಿ ತಿರುಗಲಾರದೆ ನಿಂತಾಗ ಇಂಜಿನ್ನಿನ ಬಲ ಎಲ್ಲಿಗೆ ಹೋಗಬೇಕು? ಅದು ಗಾಡಿಯ ಮೂತಿಯನ್ನೇ ಮೇಲಕ್ಕೆತ್ತುತ್ತದೆ. ಕ್ಲಚ್ಚಿಗೆ ಕಾಲು ಹೋಗುವಷ್ಟು ವೇಳೆಯೂ ಸಿಗುವುದಿಲ್ಲ. ಗಾಡಿ ಹಿಂದಕ್ಕೆ ಮಗುಚಿ ಅವನ ಮೇಲೆ ಬಿತ್ತು. ನಾವು ಓಡಿ ಹೋದಾಗ ಇಂಜಿನ್ನು ಇನ್ನೂ ನಡೆಯುತ್ತಿತ್ತು. ಅವನು ಇರಲಿಲ್ಲ.

ಸಿನಿಮಾದಲ್ಲಿ ಫೈಟ್ ಮಾಸ್ಟರ್ ಇರುತ್ತಾರೆ, ಎರಡನೇ ಟೇಕ್ ಇರುತ್ತದೆ. ಸ್ವೀಡನ್ ದೇಶದಲ್ಲಿ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟು ಕಡ್ಡಾಯ ಮಾಡಿದರಂತೆ. ಈಗ ನಮ್ಮಲ್ಲೂ ಸೀಟಿನ ಹಿಂದೆ ಅಂಥ ಕಮಾನು ಇರುವ ಗಾಡಿಗಳು ಸಿಗುತ್ತವೆ. ಕೊಳ್ಳುವ ಹುಡುಗರು ಮ್ಯೂಸಿಕ್ ಸಿಸ್ಟಮ್ ಕೇಳುತ್ತಾರೆ, ಇದನ್ನು ಕೇಳುವವರನ್ನು ನಾನು ಕಂಡದ್ದು ಕಡಿಮೆ. ನಾನು ಕೇಳುತ್ತೇನೆ, ಅವರಿಗೂ ಹೇಳುತ್ತೇನೆ. ಮುದುಕನ ಮಾತು ಅಂತ ನಗುತ್ತಾರೆ.

ಆ ದಿನದಿಂದ ನಾನು ಟ್ರ್ಯಾಕ್ಟರಿನ ಸುದ್ದಿ ಎತ್ತಲಿಲ್ಲ. ಎತ್ತಿದವನು ಅಪ್ಪ! 1982ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, “ನಡಿ, ಹುಬ್ಬಳ್ಳಿಗೆ ಹೋಗಿ ಬರೂಣು” ಅಂದ. ಬಸ್ ಸ್ಟ್ಯಾಂಡಿನಲ್ಲಿ ಅಣ್ಣಿಗೇರಿ ಕಡೆಯ ಒಬ್ಬ ಮೇಸ್ತ್ರಿ ಚಾಚಾ ಕಾಯುತ್ತಾ ನಿಂತಿದ್ದರು. ಲಾರಿ, ಟ್ರ್ಯಾಕ್ಟರು ರಿಪೇರಿ ಮಾಡುತ್ತಾ ಬೆರಳುಗಳೇ ಗ್ರೀಸಿನ ಬಣ್ಣಕ್ಕೆ ತಿರುಗಿದ್ದ ಮನುಷ್ಯ. ದಾರಿಯುದ್ದಕ್ಕೂ ಚಾಚಾ ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ.

“ಗೌಡ್ರ, ಕ್ಲಚ್ ಪ್ಲೇಟ್ ಹಾಕಬೇಕಂದ್ರ ಟ್ರ್ಯಾಕ್ಟರ್ ನಡುವ ಬಿಚ್ಚಿ ಎರಡು ತುಂಡ ಮಾಡಬೇಕಾಗತೈತಿ. ಬಿತ್ತಿಗಿ ಟೈಮಿನ್ಯಾಗ ಹಂಗ ಎರಡು ತುಂಡಾಗಿ ಕುಂತ್ರ, ಮುಂಬೈದಿಂದ ಸಾಮಾನು ಬರೂಮಟಾ ಹದ ಕಾಯತೈತೇನ್ರಿ? ಬಣ್ಣ ನೋಡಬ್ಯಾಡ್ರಿ, ಸಾಮಾನು ಯಾವ ಅಂಗಡ್ಯಾಗ ಐತಿ ಅದನ್ನ ನೋಡ್ರಿ.”

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನನ್ನ ಕನಸಿನ ನೀಲಿ ಗಾಡಿ ನಿಂತಿತ್ತು. ಹತ್ತಿ ಕೂತೆ. ಕೈ ನಡುಗಿತು, ಇಳಿದುಬಿಟ್ಟೆ. ಅಪ್ಪ ನೋಡಿದ, ಏನೂ ಅನ್ನಲಿಲ್ಲ.

ಇನ್ನೊಂದು ಅಂಗಡಿಯಲ್ಲಿ ಮ್ಯಾಸಿ ಫರ್ಗುಸನ್ 1035. ಮೂವತ್ತೈದು ಅಶ್ವಶಕ್ತಿ. ಚಾಚಾ ಹಿಂದೆ ರಂಟಿ ಕಟ್ಟಿಸಿ ಹೈಡ್ರಾಲಿಕ್ ಎತ್ತಿಸಿದರು. ಎತ್ತಿದ ಮೇಲೆ ಇಂಜಿನ್ ಬಂದ್ ಮಾಡಿಸಿ, ಹೊರಗೆ ಹೋಗಿ ಚಾ ಕುಡಿದು ಬಂದರು. ರಂಟಿ ಇದ್ದಲ್ಲೇ ಇತ್ತು. ಸೋರಿಕೆಯಿದ್ದರೆ ಅಷ್ಟರಲ್ಲಿ ಕೆಳಗಿಳಿದಿರಬೇಕು. ಆಮೇಲೆ ಏರ್ ಕ್ಲೀನರಿನ ಎಣ್ಣೆ ಬಟ್ಟಲು ಬಿಚ್ಚಿ ಹಾಕಿ ಮಾಡಿ, “ನಮ್ಮ ಎರೆ ಧೂಳಿನ್ಯಾಗ ಇದನ್ನ ತೊಳದವನ ಇಂಜಿನ್ ಉಳೀತು, ಬಿಟ್ಟವನ್ದು ಹೋತು” ಎಂದು ನನ್ನ ಮುಖ ನೋಡಿದರು. ಅಂಗಡಿಯವನು ಅಷ್ಟು ಹೊತ್ತೂ ಅಶ್ವಶಕ್ತಿಯ ಭಾಷಣ ಮಾಡುತ್ತಲೇ ಇದ್ದ. ಕೇಳಿದವರಾರು?

ಈ ಫರ್ಗುಸನ್ ಕತೆ ಯಾವ ಸಿನಿಮಾಕ್ಕೂ ಕಡಿಮೆ ಇಲ್ಲ, ಹೇಳಿಬಿಡುತ್ತೇನೆ. ಹ್ಯಾರಿ ಫರ್ಗುಸನ್ ಐರ್ಲೆಂಡಿನ ರೈತನ ಮಗ. ಹಿಂದೆ ಟ್ರ್ಯಾಕ್ಟರು ಸುಮ್ಮನೆ ನೇಗಿಲನ್ನು ಎಳೆದುಕೊಂಡು ಹೋಗುತ್ತಿತ್ತು. ನೇಗಿಲು ಕಲ್ಲಿಗೆ ಸಿಕ್ಕಿಕೊಂಡರೆ ಗಾಡಿ ಮೂತಿಯೆತ್ತಿ ಮಗುಚುತ್ತಿತ್ತು. ನೇಗಿಲನ್ನು ಮೂರು ತೋಳುಗಳಿಂದ ಗಾಡಿಗೇ ಜೋಡಿಸಿ, ಎಳೆತದ ಭಾರ ಗಾಡಿಯನ್ನೇ ನೆಲಕ್ಕೆ ಒತ್ತುವಂತೆ ಮಾಡಿದವನು ಈತ. 1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನಿಗೆ ಅದನ್ನು ತೋರಿಸಿದ. ಕಾಗದವಿಲ್ಲ, ಸಹಿಯಿಲ್ಲ, ಬರೀ ಕೈಕುಲುಕಿ ಒಪ್ಪಂದ! ಮುಂದಿನ ವರ್ಷವೇ ಇಬ್ಬರ ಹೆಸರಿನ ಗಾಡಿ ಹೊರಬಂತು. ಯುದ್ಧ ಮುಗಿದ ಮೇಲೆ ಫೋರ್ಡನ ಮೊಮ್ಮಗ ಆ ಕೈ ಬಿಡಿಸಿಕೊಂಡ. ಕೋರ್ಟು, ಕಚೇರಿ... 1952ರಲ್ಲಿ 92 ಲಕ್ಷ 50 ಸಾವಿರ ಡಾಲರಿಗೆ ರಾಜಿ. ಮರುವರ್ಷ ಫರ್ಗುಸನ್ ಮ್ಯಾಸಿಯವರ ಜೊತೆ ಕೂಡಿಕೊಂಡ. ಹೀಗೆ ಜಗಳವಾಡಿ ಬೇರೆಯಾದ ಎರಡು ಮನೆತನಗಳ ಗಾಡಿಗಳನ್ನು ಒಂದೇ ದಿನ, ಒಂದೇ ಊರಿನಲ್ಲಿ ಮುಟ್ಟಿ ನೋಡಿದ್ದೆ ನಾನು. ಅಂದು ಇದೇನೂ ಗೊತ್ತಿರಲಿಲ್ಲ. ಗೆಳೆಯ ಕಟ್ಟಿದ ಮರದ ತುಂಡಿಗೆ ಆ ಮೂರು ತೋಳುಗಳೂ ಉತ್ತರವಲ್ಲ ಅನ್ನೋದೊಂದು ಮಾತ್ರ ಗೊತ್ತಿತ್ತು.

ಅಪ್ಪ ಅಂಗಡಿಯವನಿಗೆ ಕೇಳಿದ್ದು ಒಂದೇ ಪ್ರಶ್ನೆ: “ಇದರ ಸಾಮಾನು ನವಲಗುಂದದಾಗ ಸಿಗತಾವೇನು?” ಉತ್ತರ ಚಾಚಾ ಕೊಟ್ಟರು: “ಸಿಗತಾವ್ರಿ ಗೌಡ್ರ. ಸಿಗದಿದ್ರ ನನ್ನ ಕಡೆ ಅದಾವು.”

ಸಾಲ ಪಿ.ಎಲ್.ಡಿ. ಬ್ಯಾಂಕಿನದು. ಇಪ್ಪತ್ತು ಎಕರೆ ಅಡವು, ಒಂಬತ್ತು ವರ್ಷದ ಕಂತು. ನಾವು ಮೊದಲು ಕಟ್ಟಬೇಕಾದ ಪಾಲಿಗೆ ಅವ್ವನ ಬೋರಮಾಳ ಸರ, ಪಾಟಲಿ ಹೋದವು. ಅವ್ವ ಅವನ್ನು ಕರವಸ್ತ್ರದಲ್ಲಿ ಕಟ್ಟಿ ಕೊಡುವಾಗ, “ಬಂಗಾರದ ಮನುಷ್ಯಾ ಅಂತ ಕುಣೀತಿದ್ದೆಲ್ಲಾ, ತಗೋ ಬಂಗಾರ” ಅಂದಳು. ನಕ್ಕಳೋ ಇಲ್ಲವೋ ನಾನು ತಲೆಯೆತ್ತಿ ನೋಡಲಿಲ್ಲ.

ಎತ್ತುಗಳ ಮಾತು ಬಂತು. ಮೂರೂ ಜೋಡಿ ಮಾರಿಬಿಡೋಣ ಅಂತ ನನ್ನ ವಾದ. ನಮ್ಮ ಹಿರಿಯ ಆಳು, ನನ್ನನ್ನು ಎತ್ತಿ ಆಡಿಸಿದ ಕಾಕಾ, ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಾ, “ಸಣ್ಣ ಗೌಡ್ರ, ಬೆಳಿ ನಿಂತಾಗ ಎಡಿ ಹೊಡಿಯಾಕ ನಿಮ್ಮ ಗಾಡಿ ಸಾಲಿನ್ಯಾಗ ಹೊಕ್ಕತೈತೇನ್ರಿ?” ಅಂದ. ಹೊಗುವುದಿಲ್ಲ. ಗೇಣೆತ್ತರ ಬೆಳೆದ ಹತ್ತಿಯ ನಡುವೆ ಎಡೆಕುಂಟಿ ಹೊಡೆಯಲು ಎತ್ತೇ ಬೇಕು. ಒಂದು ಜೋಡಿ ಉಳಿಯಿತು. ಉಳಿದೆರಡು ಜೋಡಿ ಸಂತೆಗೆ ಹೋದವು, ಹೊಡೆದುಕೊಂಡು ಹೋದವನು ಅವನೇ. ಸಂಜೆ ಬರೀ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ. ಅವನ ಮಗ ಏಳನೇ ಇಯತ್ತೆ ಓದಿದ್ದ. ಚಾಚಾನ ಕೈಯಲ್ಲಿ ಪಳಗಿ ಲೈಸೆನ್ಸು ಮಾಡಿಸಿಕೊಂಡು ನಮ್ಮ ಡ್ರೈವರಾದ. ಬಾಕಿ ಇಬ್ಬರು ಆಳುಗಳಿಗೆ ಕೆಲಸ ಉಳಿಯಲಿಲ್ಲ. ಒಬ್ಬ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋದ, ಇನ್ನೊಬ್ಬ ಎಲ್ಲಿಗೆ ಹೋದನೋ. ಇದ್ದಲಿಯ ಲೆಕ್ಕದಲ್ಲಿ ಅವರಿಬ್ಬರ ಸಾಲು ಇರಲಿಲ್ಲ. ಅಪ್ಪನೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಗಾಡಿ ಬಂತು. ಗಾಲಿಗೆ ನಿಂಬೆಹಣ್ಣು, ಮೂತಿಗೆ ಚೆಂಡು ಹೂವಿನ ಹಾರ. ಅಗಸಿಯಲ್ಲಿ ಓಡಿಸಿಕೊಂಡು ಬಂದವನು ನಾನಲ್ಲ, ಕಾಕಾನ ಮಗ. ನಾನು ಹಿಂದೆ ನಡೆದುಕೊಂಡು ಬಂದೆ. ಆ ವಾರವೇ ಪಕ್ಕದ ದೊಡ್ಡ ಊರಿನಲ್ಲಿ ಟೂರಿಂಗ್ ಟಾಕೀಸು. ಯಾವ ಚಿತ್ರ ಅಂತೀರಿ? ಅದೇ, ‘ಬಂಗಾರದ ಮನುಷ್ಯ’! ಟ್ರೇಲರಿನ ಮೊದಲ ಹೇರು ಹತ್ತಿಯಲ್ಲ, ನಮ್ಮ ಓಣಿಯ ಹೆಣ್ಣುಮಕ್ಕಳು, ಹುಡುಗರು. ಟ್ರೇಲರಿನಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ, ಅಪಾಯವೂ ಹೌದು. ಅಂದು ಯಾರೂ ಕೇಳುವವರಿರಲಿಲ್ಲ. ಅಪ್ಪನೂ ಬಂದಿದ್ದ. ಅಪ್ಪ ಟಾಕೀಸಿಗೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಡೆಗೆ ರಾಜೀವ ಎಲ್ಲವನ್ನೂ ಬಿಟ್ಟು ಊರಿನಿಂದ ಹೊರಟಾಗ ಟೆಂಟಿನ ತುಂಬಾ ಬಿಕ್ಕಳಿಕೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಕೈ ಬರಿದಾಗಿತ್ತು. ಅಪ್ಪ ಮಾತ್ರ ಪರದೆಯನ್ನೇ ನೋಡುತ್ತಾ, “ಇಷ್ಟೆಲ್ಲಾ ದುಡದು ಕಡೀಗೆ ಹೊಲ ಬಿಟ್ಟ ಹ್ವಾದನಲ್ಲೋ!” ಅಂದ. ಬೇರೇನೂ ಅನ್ನಲಿಲ್ಲ.

ಮಾರನೇ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ, ಅಪ್ಪ ಒಂದು ಜೋಳದ ದಂಟನ್ನು ಡೀಸೆಲ್ ಟ್ಯಾಂಕಿಗೆ ಇಳಿಬಿಟ್ಟು, ಎತ್ತಿ ಹಿಡಿದು, ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ಬಿಸಿಲಿಗೆ ನೋಡುತ್ತಿದ್ದ.

“ನಿನ್ನ ಸಿನಿಮಾಕ್ಕ ಎರಡು ಲೀಟರ್ ಹ್ವಾತು,” ಅಂದ.