ಯಂತ್ರಗಳ ಸಂಭಾಷಣೆ

ಮಾತೆಂಬುದು ಇಬ್ಬರಿಗೆ ಸೇರಿದ ಸೊತ್ತು. ಹೇಳುವವನು ಎಷ್ಟೇ ನಿಪುಣನಾಗಿದ್ದರೂ ಕೇಳುವವನು ಅದೇ ಭಾಷೆಯನ್ನು, ಅದೇ ವೇಗವನ್ನು, ಅದೇ ಸಂಕೇತವನ್ನು ಅಂಗೀಕರಿಸಿ ಕಿವಿಗೊಡದಿದ್ದಲ್ಲಿ ಆ ಮಾತು ಬರಿಯ ಸದ್ದು. ಮನುಷ್ಯರಲ್ಲಿ ಈ ಕೊರತೆಯನ್ನು ಮುಖಭಾವ, ಕೈಸನ್ನೆ, ಊಹೆಗಳು ತಕ್ಕಮಟ್ಟಿಗೆ ತುಂಬಿಕೊಡುತ್ತವೆ. ಯಂತ್ರಗಳಿಗಾದರೋ ಊಹೆಯೆಂಬುದಿಲ್ಲ. ಆದಕಾರಣ ಎರಡು ಯಂತ್ರಗಳನ್ನು ಮಾತಿಗೆ ಕೂಡಿಸುವವನು, ಮನುಷ್ಯರು ಎಂದೂ ಬಾಯಿಬಿಟ್ಟು ಹೇಳದ ಒಪ್ಪಂದಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಬೇಕಾಗುತ್ತದೆ. ಬಹುಕಾಲದಿಂದ ಕಾರ್ಖಾನೆಯಲ್ಲಿ ದುಡಿಯುತ್ತಿರುವ ಹಳೆಯ ಪಿ.ಎಲ್.ಸಿ.ಗೆ ಹೊಸ ಕಂಪ್ಯೂಟರನ್ನು ಜೋಡಿಸುವ ಕೆಲಸವು ಇದಕ್ಕೆ ಒಳ್ಳೆಯ ನಿದರ್ಶನ.

ಪಿ.ಎಲ್.ಸಿ. ಎಂಬುದು ಕಾರ್ಖಾನೆಯ ಮೋಟಾರು, ಕವಾಟ, ದೀಪಗಳನ್ನು ಬರೆದಿಟ್ಟ ಕ್ರಮದಂತೆ ನಡೆಯಿಸುವ ಒಂದು ಬಗೆಯ ಕಂಪ್ಯೂಟರು. ಇದು ಹುಟ್ಟುವುದಕ್ಕೆ ಮುಂಚೆ ಈ ಕೆಲಸವನ್ನು ನೂರಾರು ರಿಲೇಗಳು ಮಾಡುತ್ತಿದ್ದುವು. ತಯಾರಾಗುವ ಮೋಟಾರುಗಾಡಿಯ ಮಾದರಿ ಬದಲಾದರೆ ಆ ರಿಲೇಗಳ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯು 1968ರಲ್ಲಿ ಈ ತೊಡಕಿಗೆ ಪರಿಹಾರವನ್ನು ಬಯಸಿತು. ಮ್ಯಾಸಚೂಸೆಟ್ಸ್ ಸಂಸ್ಥಾನದ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯ ಡಿಕ್ ಮಾರ್ಲೆಯವರೂ ಅವರ ಸಂಗಡಿಗರೂ ಅದಕ್ಕೆ ಉತ್ತರವಾಗಿ ಒಂದು ಯಂತ್ರವನ್ನು ನಿರ್ಮಿಸಿದರು. ಅದು ಆ ಸಂಸ್ಥೆಯ 84ನೆಯ ಕೆಲಸವಾದುದರಿಂದ ಮಾಡಿಕಾನ್ 084 ಎಂಬ ಹೆಸರನ್ನು ಪಡೆಯಿತು. ಮೊದಮೊದಲು ತಯಾರಾದ 084ಗಳಲ್ಲೊಂದು ಸುಮಾರು 20 ವರ್ಷ ದುಡಿದು ನಿವೃತ್ತವಾಯಿತೆಂದರೆ ಈ ಜಾತಿಯ ಯಂತ್ರಗಳ ದೀರ್ಘಾಯುಸ್ಸು ಗೊತ್ತಾಗುತ್ತದೆ. ಅವುಗಳೊಡನೆ ಮಾತನಾಡಬೇಕಾದ ಕಂಪ್ಯೂಟರುಗಳಾದರೋ ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಮುತ್ತಜ್ಜನೂ ಮರಿಮಗನೂ ಒಂದೇ ಪಡಸಾಲೆಯಲ್ಲಿ ಕುಳಿತಂತೆ ಇವೆರಡೂ ಎದುರುಬದುರಾಗುವುವು. ತೊಡಕು ಇಲ್ಲಿಂದ ಮೊದಲಾಗುತ್ತದೆ.

ಮಾಡಿಕಾನ್ ಕಂಪೆನಿಯು ತನ್ನ ಯಂತ್ರಗಳ ಸಂಭಾಷಣೆಗೆಂದು 1979ರಲ್ಲಿ ಮಾಡ್‌ಬಸ್ ಎಂಬ ಭಾಷೆಯನ್ನು ಪ್ರಕಟಿಸಿತು. ಅದು ಸರಳವೂ ಎಲ್ಲರಿಗೂ ತೆರೆದುದೂ ಆದುದರಿಂದ ಇತರ ತಯಾರಕರೂ ಅದನ್ನು ಕೈಕೊಂಡರು. ಇಂದಿಗೂ ಅದು ಬಳಕೆಯಲ್ಲಿದೆ. ಆದರೆ ಭಾಷೆ ಬೇರೆ, ಅದನ್ನು ಹೊರುವ ತಂತಿ ಬೇರೆ. ಆರ್.ಎಸ್. 232 ಎಂಬ ಪದ್ಧತಿಯಲ್ಲಿ ಒಂದು ಯಂತ್ರಕ್ಕೆ ಒಂದೇ ಜೊತೆಗಾರ. ತಂತಿಯ ಉದ್ದ ಸಾಮಾನ್ಯವಾಗಿ 15 ಮೀಟರು. ಆರ್.ಎಸ್. 485 ಎಂಬ ಪದ್ಧತಿಯಲ್ಲಿ ಹೆಣೆದುಕೊಂಡ ಎರಡು ತಂತಿಗಳ ನಡುವಣ ವೋಲ್ಟೇಜಿನ ವ್ಯತ್ಯಾಸವೇ ಅಕ್ಷರ. ಹೊರಗಿನ ಗದ್ದಲವು ಎರಡನ್ನೂ ಸಮವಾಗಿ ಮುಟ್ಟುವುದರಿಂದ ವ್ಯತ್ಯಾಸವು ಕೆಡುವುದಿಲ್ಲ. ಮಾತು 1200 ಮೀಟರುಗಳವರೆಗೂ ಹೋಗಬಲ್ಲುದು. ಹೊಸ ಕಂಪ್ಯೂಟರುಗಳಲ್ಲಿ ಇವೆರಡಕ್ಕೂ ಬಾಗಿಲಿಲ್ಲದಿರುವುದೇ ವಾಡಿಕೆಯಾದುದರಿಂದ ಯು.ಎಸ್.ಬಿ. ಪರಿವರ್ತಕವೊಂದನ್ನು ದುಭಾಷಿಯಾಗಿ ನಡುವೆ ಕೂರಿಸಬೇಕಾಗುತ್ತದೆ.

ಇನ್ನು ಒಪ್ಪಂದಗಳು. ಮೊದಲನೆಯದು ವೇಗ. ಇದರ ಅಳತೆಗೆ ಬಾಡ್ ಎಂದು ಹೆಸರು. ತಂತಿಸಮಾಚಾರದ ಹೊಸ ಪದ್ಧತಿಗೆ 1874ರಲ್ಲಿ ಹಕ್ಕುಪತ್ರವನ್ನು ಪಡೆದ ಫ್ರೆಂಚ್ ಇಂಜಿನಿಯರ್ ಎಮಿಲ್ ಬೋಡೋ ಅವರ ಹೆಸರಿನಿಂದಲೇ ಈ ಪದ ಹುಟ್ಟಿತು. ಹಳೆಯ ಯಂತ್ರಗಳಲ್ಲಿ 9600 ಎಂಬುದು ಬಹಳ ಬಳಕೆಯ ವೇಗ. ಎರಡನೆಯದು ಒಂದು ಅಕ್ಷರಕ್ಕೆ ಎಷ್ಟು ಬಿಟ್ಟುಗಳೆಂಬುದು, ಮಾಡ್‌ಬಸ್ಸಿನ ಆರ್.ಟಿ.ಯು. ರೂಪದಲ್ಲಿ ಇದು 8. ಮೂರನೆಯದು ಪ್ಯಾರಿಟಿ, ನಾಲ್ಕನೆಯದು ಅಕ್ಷರದ ಕೊನೆಯನ್ನು ಸೂಚಿಸುವ ಸ್ಟಾಪ್ ಬಿಟ್ಟು. ಆರಂಭದ ಬಿಟ್ಟನ್ನೂ ಸೇರಿಸಿ ಅಕ್ಷರವೊಂದಕ್ಕೆ 11 ಬಿಟ್ಟುಗಳಾಗುವುವು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಯಂತ್ರವು ಮೌನವನ್ನು ತಾಳುತ್ತದೆ. ಯಾವುದು ತಪ್ಪಿತೆಂದು ಅದು ಹೇಳುವುದಿಲ್ಲ.

ವೇದಾಧ್ಯಯನದ ಕ್ರಮವನ್ನು ಬಲ್ಲವರಿಗೆ ಈ ಕಟ್ಟುನಿಟ್ಟು ವಿಚಿತ್ರವಾಗಿ ತೋರಲಾರದು. ಅಲ್ಲಿಯೂ ಮಾತ್ರೆಯಿದೆ, ಸ್ವರವಿದೆ, ವಿರಾಮವಿದೆ. ಅತಿವೇಗವಾಗಿ ಓದುವವನನ್ನು ಪಾಣಿನೀಯ ಶಿಕ್ಷೆಯು ಅಧಮಪಾಠಕರ ಪಂಕ್ತಿಯಲ್ಲಿ ಎಣಿಸಿದೆ. ಜಟಾಪಾಠದಲ್ಲಿ ಎರಡೆರಡು ಪದಗಳನ್ನು ನೇರವಾಗಿ, ಹಿಂದುಮುಂದಾಗಿ, ಮತ್ತೆ ನೇರವಾಗಿ ಹೇಳುವುದರಿಂದ ನಡುವೆ ಒಂದು ಪದವು ಜಾರಿದರೂ ಕೇಳುವವನಿಗೆ ಪತ್ತೆಯಾಗುತ್ತದೆ. ಯಂತ್ರಗಳ ಮಾತಿನಲ್ಲಿ ಪ್ಯಾರಿಟಿಯದೂ ಇದೇ ಬಗೆಯ ಕಾವಲು. ಸಮ ಪ್ಯಾರಿಟಿಯನ್ನು ಇಟ್ಟುಕೊಂಡರೆ ದತ್ತಾಂಶದ ಬಿಟ್ಟುಗಳಲ್ಲಿಯೂ ಪ್ಯಾರಿಟಿಯಲ್ಲಿಯೂ ಇರುವ ಒಂದುಗಳ ಒಟ್ಟು ಸಂಖ್ಯೆ ಸಮವಾಗಿರಬೇಕು. ಒಂದು ಬಿಟ್ಟು ಕೆಟ್ಟರೆ ಲೆಕ್ಕ ತಪ್ಪುತ್ತದೆ. ಎರಡು ಕೆಟ್ಟರೆ ಕಾವಲುಗಾರನು ಮೋಸಹೋಗುತ್ತಾನೆ. ಆದುದರಿಂದಲೇ ಇಡೀ ವಾಕ್ಯದ ಕೊನೆಯಲ್ಲಿ ಸಿ.ಆರ್.ಸಿ. ಎಂಬ 16 ಬಿಟ್ಟುಗಳ ಇನ್ನೊಂದು ತಾಳೆಯನ್ನು ಇರಿಸಿದ್ದಾರೆ. ವಾಕ್ಯವು ಮುಗಿಯಿತೆಂಬುದಕ್ಕೆ ಗುರುತು ಯಾವ ಅಕ್ಷರವೂ ಅಲ್ಲ. ಮೂರೂವರೆ ಅಕ್ಷರಗಳಷ್ಟು ಕಾಲದ ಮೌನ. 9600ರ ವೇಗದಲ್ಲಿ ಅದು ಸುಮಾರು 4 ಮಿಲಿಸೆಕೆಂಡು. ಮಾತಿನಷ್ಟೇ ಮೌನಕ್ಕೂ ಅರ್ಥವುಂಟೆಂಬುದು ಇಲ್ಲಿ ಅಕ್ಷರಶಃ ಸತ್ಯ.

ಈ ಸಂಭಾಷಣೆಯಲ್ಲಿ ಕೇಳುವವನು ಒಬ್ಬನೇ. ಉಳಿದವರು ಕೇಳಿದ ಹೊರತು ನುಡಿಯರು. ಪ್ರತಿಯೊಬ್ಬರಿಗೂ 1ರಿಂದ 247ರೊಳಗಿನ ಒಂದು ಸಂಖ್ಯೆಯೇ ಹೆಸರು. ಹೆಸರು ತಪ್ಪಿದರೂ ಮೌನ, ತಾಳೆ ತಪ್ಪಿದರೂ ಮೌನ. ಪ್ರಶ್ನೆಯು ಸರಿಯಾಗಿ ತಲಪಿ, ಕೇಳಿದ ವಸ್ತುವು ಮಾತ್ರ ತನ್ನಲ್ಲಿಲ್ಲದಿದ್ದರೆ ಯಂತ್ರವು ಆಕ್ಷೇಪದ ಉತ್ತರವನ್ನು ಕಳುಹಿಸುತ್ತದೆ. ಹೊಸಬರು ಇದನ್ನು ಕಂಡು ಎದೆಗುಂದುವುದುಂಟು. ವಾಸ್ತವವಾಗಿ ಅದು ಶುಭಸೂಚನೆ. ತಂತಿ, ವೇಗ, ಹೆಸರುಗಳೆಲ್ಲ ಸರಿಯೆಂದು ಆ ಗದರಿಕೆಯೇ ಸಾರುತ್ತದೆ. ಆಗ ನೋಡಬೇಕಾದುದು ಎಣಿಕೆಯನ್ನು. ಪುಸ್ತಕದಲ್ಲಿ 40001 ಎಂದು ಬರೆದ ಕೋಣೆಯು ತಂತಿಯ ಮೇಲೆ ಸೊನ್ನೆಯೆಂದು ಹೋಗುತ್ತದೆ. ಒಂದರಿಂದ ಎಣಿಸುವವರಿಗೂ ಸೊನ್ನೆಯಿಂದ ಎಣಿಸುವವರಿಗೂ ನಡುವಣ ಈ ಒಂದಂಕೆಯ ಅಂತರವು ಅನೇಕರ ಹಗಲುಗಳನ್ನು ನುಂಗಿದೆ.

ಮೌನವನ್ನು ಎದುರಿಸುವವನಿಗೆ ತಾಳ್ಮೆಗಿಂತ ಮಿಗಿಲಾದ ಉಪಕರಣವಿಲ್ಲ. ಮೊದಲು ತನ್ನ ಕಡೆಯನ್ನೇ ಪರೀಕ್ಷಿಸಿಕೊಳ್ಳಬೇಕು. ಆರ್.ಎಸ್. 232ರ ಒಂಬತ್ತು ಕಡ್ಡಿಗಳ ಕೊಂಡಿಯಲ್ಲಿ 2ನ್ನೂ 3ನ್ನೂ ಕೂಡಿಸಿದರೆ ಕಂಪ್ಯೂಟರು ಆಡಿದ ಮಾತು ಅದಕ್ಕೇ ಮರಳಿ ಕೇಳಿಸಬೇಕು. ಕೇಳಿಸದಿದ್ದರೆ ದೋಷವು ಇತ್ತ ಕಡೆಯದೇ. ಆರ್.ಎಸ್. 485 ಆದರೆ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಬಹುದು. ಎ, ಬಿ ಎಂಬ ಗುರುತುಗಳಲ್ಲಿ ತಯಾರಕರೊಳಗೆ ಒಮ್ಮತವಿಲ್ಲ. ಅನಂತರ ವೇಗ, ಅನಂತರ ಪ್ಯಾರಿಟಿ, ಅನಂತರ ಹೆಸರು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಮ್ಮೆಲೇ ಬದಲಿಸಿದವನು ಗೆದ್ದರೂ ಏತರಿಂದ ಗೆದ್ದೆನೆಂಬುದನ್ನು ಅರಿಯನು.

ಇಷ್ಟೂ ಕಷ್ಟವನ್ನು ಏಕೆ ಪಡಬೇಕೆಂದರೆ, ಅನೇಕ ಹಳೆಯ ಯಂತ್ರಗಳಲ್ಲಿ ಕಾರ್ಖಾನೆಯನ್ನು ನಡೆಯಿಸುವ ಕ್ರಮವು ಒಂದು ಚಿಕ್ಕ ಬ್ಯಾಟರಿಯ ಬಲದಿಂದ ಸ್ಮೃತಿಯಲ್ಲಿ ನಿಂತಿರುತ್ತದೆ. ಬ್ಯಾಟರಿಯು ಸತ್ತು, ಅದೇ ವೇಳೆ ವಿದ್ಯುತ್ತೂ ಹೋದರೆ ಆ ಕ್ರಮವು ಅಳಿಸಿಹೋಗುತ್ತದೆ. ಅದನ್ನು ಬರೆದವನು ಎಂದೋ ಊರು ಬಿಟ್ಟಿರಬಹುದು. ಪ್ರತಿಯು ಬೇರೆಲ್ಲಿಯೂ ಇಲ್ಲದಿರಬಹುದು. ಆದುದರಿಂದ ಸಂಪರ್ಕವು ಕೂಡಿಬಂದೊಡನೆ ಮಾಡಬೇಕಾದ ಮೊದಲ ಕೆಲಸ ಒಂದು ಪ್ರತಿಯನ್ನು ತೆಗೆದುಕೊಳ್ಳುವುದು. ಇಲ್ಲಿಯೂ ಒಂದು ಅಪಾಯವಿದೆ. ಈ ವೃತ್ತಿಯಲ್ಲಿ ಅಪ್‌ಲೋಡ್ ಎಂದರೆ ಯಂತ್ರದಿಂದ ಕಂಪ್ಯೂಟರಿಗೆ, ಡೌನ್‌ಲೋಡ್ ಎಂದರೆ ಕಂಪ್ಯೂಟರಿನಿಂದ ಯಂತ್ರಕ್ಕೆ. ಲೋಕರೂಢಿಯನ್ನು ನೆಚ್ಚಿ, ಪ್ರತಿಯನ್ನು ಇಳಿಸಿಕೊಳ್ಳುವೆನೆಂದು ಡೌನ್‌ಲೋಡ್ ಎಂಬುದನ್ನು ಒತ್ತಿದವನು, ಉಳಿಸಬೇಕೆಂದು ಬಂದುದನ್ನು ತನ್ನ ಕೈಯಿಂದಲೇ ಅಳಿಸಿಬಿಡಬಹುದು. ಶಬ್ದಾರ್ಥದ ವಿವೇಕವು ಪಂಡಿತರ ವಿನೋದಕ್ಕೆಂದು ತಿಳಿಯುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಬರೆದುದನ್ನು ನೋಡಿ ಓದುವವನನ್ನೂ ಪಾಣಿನೀಯ ಶಿಕ್ಷೆಯು ಅಧಮಪಾಠಕರಲ್ಲಿಯೇ ಸೇರಿಸಿದೆ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ವಿದ್ಯೆಯು ತಪ್ಪದೆ ಹರಿಯುತ್ತಿದ್ದ ಕಾಲಕ್ಕೆ ಅದು ಒಪ್ಪುವ ಮಾತು. ಕಾರ್ಖಾನೆಗಳಲ್ಲಿ ಅಂಥ ಪರಂಪರೆಯಿಲ್ಲ. ಬಲ್ಲವನು ನಿವೃತ್ತನಾದ ದಿನ ಅವನ ಅರಿವೂ ಅವನೊಡನೆ ಬಾಗಿಲು ದಾಟುತ್ತದೆ. ವೇಗವಿಷ್ಟು, ಪ್ಯಾರಿಟಿ ಇಂಥದು, ಹೆಸರು ಈ ಸಂಖ್ಯೆ, ತಂತಿಗಳ ಜೋಡಣೆ ಹೀಗೆ, ಪ್ರತಿಯನ್ನು ತೆಗೆದ ದಿನ ಇದು ಎಂದು ನಾಲ್ಕೈದು ಪಂಕ್ತಿಗಳನ್ನು ಕಾಗದದಲ್ಲಿ ಬರೆದು ಯಂತ್ರದ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿದವನು, ಮುಂದೆಂದೋ ಬರುವ ಅಪರಿಚಿತನಿಗೆ ಗುರುವಾಗುತ್ತಾನೆ. ಆ ಕಾಗದವನ್ನು ಬರೆಯಲು ಬೇಕಾದುದು ಐದು ನಿಮಿಷ. ಅದಿಲ್ಲದೆ ಹೋದರೆ ಯಂತ್ರವು ಕೆಟ್ಟ ದಿನ ಕಾರ್ಖಾನೆಯ ಜನರೆಲ್ಲ ಕೈಕಟ್ಟಿ ಕುಳಿತಿರಬೇಕಾಗುತ್ತದೆ.