ಮೋಗ್ಲಿಯ ಊರು ಎಲ್ಲಿ ಹೋಯಿತು?

1993ರ ಸುಮಾರಿಗೆ ನಮ್ಮ ಬೀದಿಯಲ್ಲಿ ಟಿವಿ ಇದ್ದ ಮನೆಗಳು ಎರಡು ಮೂರು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಜಂಗಲ್ ಬುಕ್’ ಬರುವ ಹೊತ್ತಿಗೆ ಆ ಮನೆಗಳ ಜಗಲಿಯಲ್ಲಿ ಚಪ್ಪಲಿ ರಾಶಿ ಬಿದ್ದಿರುತ್ತಿತ್ತು. ನಮಗೆ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಗುಲ್ಜಾರರ ಹಾಡನ್ನು ಅರ್ಥ ಗೊತ್ತಿಲ್ಲದೆಯೇ ಬಾಯಿಪಾಠ ಮಾಡಿದ್ದೆವು. ಅದು ಜಪಾನಿನವರು 1989ರಲ್ಲಿ ಮಾಡಿದ ಧಾರಾವಾಹಿ ಎಂದು ಯಾರಾದರೂ ಹೇಳಿದ್ದರೂ ನಂಬುತ್ತಿರಲಿಲ್ಲ.

ಆ ಧಾರಾವಾಹಿಗೆ ಮೂಲವಾದ ಕಿಪ್ಲಿಂಗನ ಪುಸ್ತಕ ಕೈಗೆ ಸಿಕ್ಕಿದ್ದು ಕಾಲೇಜು ಸೇರಿದ ಮೇಲೆ. ಮಧ್ಯಪ್ರದೇಶದ ಸಿವನಿ ಕಾಡಿನ ಈ ಕತೆಗಳನ್ನು ಆತ ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ ಕೂತು. ಮೊದಲ ಭಾಗ 1894ರಲ್ಲಿ, ಎರಡನೆಯದು ಮರುವರ್ಷ. ತೋಳಗಳ ನಡುವೆ ಬೆಳೆದ ಅಲ್ಲಿನ ಮೋಗ್ಲಿ ನಮ್ಮ ಟಿವಿಯ ಹುಡುಗನಷ್ಟು ಮುದ್ದಲ್ಲ. ಊರಿನವರು ಅವನನ್ನು ಮಾಟಗಾರನೆಂದು ಕಲ್ಲು ಹೊಡೆದು ಓಡಿಸುತ್ತಾರೆ, ಮಗನೆಂದು ಅನ್ನ ಹಾಕಿದ ಮೆಸುವಾಳನ್ನು ಕಟ್ಟಿಹಾಕುತ್ತಾರೆ. ಅವನು ಆನೆಗಳನ್ನು ಹೊಲಕ್ಕೆ ನುಗ್ಗಿಸಿ ಆ ಊರನ್ನೇ ಕಾಡು ಮಾಡಿಬಿಡುತ್ತಾನೆ.

ಸಿನಿಮಾದವರಿಗೆ ಈ ಊರು ಕಂಡರೆ ಆಗುವುದಿಲ್ಲ. 1967ರ ಕಾರ್ಟೂನಿಗೆ ಬಿಲ್ ಪೀಟ್ ಮೊದಲು ಬರೆದ ಕತೆ ತೀರಾ ಗಂಭೀರವಾಯಿತೆಂದು ವಾಲ್ಟ್ ಡಿಸ್ನಿ ಒಪ್ಪಲಿಲ್ಲ. ಪೀಟ್ ಸಂಸ್ಥೆಯನ್ನೇ ಬಿಟ್ಟ. ಕೊನೆಗೆ ತೆರೆಗೆ ಬಂದ ಚಿತ್ರದಲ್ಲಿ ಊರು ಕಾಣುವುದು ನೀರಿಗೆ ಬರುವ ಹುಡುಗಿಯೊಬ್ಬಳಿಗಾಗಿ. ಪುಸ್ತಕದಲ್ಲಿ ಕೋತಿಗಳಿಂದ ಮೋಗ್ಲಿಯನ್ನು ಬಿಡಿಸುವ ಹೆಬ್ಬಾವು ಕಾ ಅಲ್ಲಿ ಖಳನಾಗಿದೆ. ಭಾರತದ ಕಾಡಿನಲ್ಲಿ ಇಲ್ಲವೇ ಇಲ್ಲದ ಒರಾಂಗುಟಾನ್ ಒಂದು ರಾಜನಾಗಿ ಕುಣಿಯುತ್ತದೆ. ಜಪಾನಿನವರೂ ಹಿಮಾಲಯದ ಕೆಂಪು ಪಾಂಡಾ ತಂದು ಸೇರಿಸಿದರು ಅನ್ನಿ. ಆದರೂ 52 ಕಂತುಗಳಷ್ಟು ಜಾಗ ಇದ್ದದ್ದರಿಂದ ತೋಳಗಳ ಹಿಂಡಿಗೂ ಒಂದು ಸಂಸಾರವಿದೆ ಎಂದು ನಮಗೆ ಗೊತ್ತಾಯಿತು. ಡಿಸ್ನಿಯ ಕಾರ್ಟೂನಿನ 78 ನಿಮಿಷದಲ್ಲಿ ಅದು ಆಗದ ಕೆಲಸ.

ಊರನ್ನು ಧಾರಾಳವಾಗಿ ತೋರಿಸಿದ್ದು 1942ರ ಚಿತ್ರ. ಅದರ ಮೋಗ್ಲಿ ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತರ ಹುಡುಗ ಸಾಬು. ‘ಎಲಿಫೆಂಟ್ ಬಾಯ್’ಗೆ ಆನೆ ಹತ್ತಬಲ್ಲ ಹುಡುಗನನ್ನು ಹುಡುಕುತ್ತ ಬಂದವರ ಕಣ್ಣಿಗೆ ಬಿದ್ದು, ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದವನು. ಈಗ ಕಾರಾಪುರವೆಂದರೆ ಕಬಿನಿಯ ರೆಸಾರ್ಟುಗಳು. ಕರಿ ಚಿರತೆ ಕಂಡೀತೆಂದು ಬೆಳಗಾಗುವ ಮೊದಲೇ ಜೀಪು ಹತ್ತುವವರು ಅದನ್ನು ಕಿಪ್ಲಿಂಗನ ಕರಿ ಚಿರತೆಯ ಹೆಸರಿನಿಂದ ಬಘೀರಾ ಎಂದೇ ಕರೆಯುತ್ತಾರೆ. ಸಾಬುವಿನ ಹೆಸರು ಕೇಳಿದವರು ಅವರಲ್ಲಿ ಕಡಿಮೆ.

2016ರ ಚಿತ್ರದ ಕಾಡನ್ನು ಕಂಪ್ಯೂಟರಿನಲ್ಲಿ ಬೆಳೆಸಿದವರಲ್ಲಿ ಬೆಂಗಳೂರಿನ ಕಲಾವಿದರೂ ಇದ್ದರು. ಹುಡುಗ ನೀಲ್ ಸೇಠಿ ಒಬ್ಬನೇ ಲಾಸ್ ಏಂಜಲೀಸಿನ ಸ್ಟುಡಿಯೋದಲ್ಲಿ ಓಡಾಡಿದ. ಹುಲಿ, ಕರಡಿ, ಮರಗಳೆಲ್ಲ ಆಮೇಲೆ ಬಂದವು. ಇಂಥದೇ ಕೆಲಸ ಮಾಡುವ ನನ್ನ ಅಕ್ಕನ ಮಗನ ಪಕ್ಕ ಒಮ್ಮೆ ಕೂತಿದ್ದೆ. ನಟನನ್ನು ಹಿನ್ನೆಲೆಯಿಂದ ಬೇರ್ಪಡಿಸಲು ಅವನ ಕಿವಿಯ ಹಿಂದಿನ ಕೂದಲಿನ ಅಂಚಿಗೆ ಚುಕ್ಕೆ ಇಡುತ್ತ ಗೆರೆ ಎಳೆದ, ಮುಂದಿನ ಫ್ರೇಮಿಗೆ ಹೋಗಿ ಅದೇ ಗೆರೆಯನ್ನು ಕೂದಲೆಳೆಯಷ್ಟು ಸರಿಸಿದ. ಒಂದು ಸೆಕೆಂಡಿಗೆ 24 ಫ್ರೇಮು. ಊಟಕ್ಕೆ ಏಳುವಾಗಲೂ ಅವನು ಅದೇ ಕಿವಿಯ ಹತ್ತಿರ ಇದ್ದ.

2016ರ ಆ ಚಿತ್ರಕ್ಕೆ ವಿಶುವಲ್ ಎಫೆಕ್ಟ್ಸ್‌ಗಾಗಿ ಆಸ್ಕರ್ ಬಂತು, ಬರಬೇಕಾದದ್ದೇ. ಅದರಲ್ಲಿಯೂ ಮೋಗ್ಲಿ ಊರಿನತ್ತ ಹೋಗುವುದು ಒಂದು ಬೆಂಕಿಯ ಕೊಳ್ಳಿಗಾಗಿ ಮಾತ್ರ. ಮಕ್ಕಳಿಗೆ ಸಿನಿಮಾ ತೋರಿಸಿ, ತಪ್ಪಿಲ್ಲ. ಊರು ಹಾಳಾಗುವ ಕತೆಯನ್ನು ಮಾತ್ರ ಪುಸ್ತಕದಿಂದ ನೀವೇ ಓದಿ ಹೇಳಿ. ಹತ್ತು ವರ್ಷದ ಮಕ್ಕಳು ಅಷ್ಟನ್ನು ತಡೆದುಕೊಳ್ಳುತ್ತಾರೆ.